‘ಬೇಡ’ ಎಂದು ಗುರುತು ಹಾಕಿದವರು

ಮನೆ, ಹೊಲಿಗೆ ಯಂತ್ರದ ಪಕ್ಕದ ಮೇಜು
ಹದಿನೆಂಟನೇ ತಾರೀಖು, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊದಲು ಕೈಯ ವಿಷಯ ಹೇಳು. ಇಸ್ತ್ರಿ ಯಂತ್ರದ ಹಬೆ ತಾಗಿ ಮಣಿಕಟ್ಟಿನ ಹತ್ತಿರ ಬೊಬ್ಬೆ ಎದ್ದಿದೆ ಎಂದು ಒಂದೇ ಸಾಲಿನಲ್ಲಿ ಬರೆದು, ಮುಂದಿನ ಸಾಲಿನಲ್ಲೇ ಅಮ್ಮನ ಮಂಡಿ ಹೇಗಿದೆ ಎಂದು ಕೇಳಿದ್ದೀಯಲ್ಲ, ಈ ಚಾಳಿ ನನಗೆ ಗೊತ್ತಿಲ್ಲದ್ದೇನಲ್ಲ. ನಿನ್ನ ನೋವಿನ ಮೇಲೆ ಬೇರೆಯವರ ನೋವಿನ ತಟ್ಟೆ ಮುಚ್ಚಿಬಿಡುತ್ತೀಯ. ಅಮ್ಮನ ಮಂಡಿ ಹೇಗಿತ್ತೋ ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ಮಾತ್ರ ಕಟ್ಟಡ ಕಟ್ಟಿದವನಿಗೆ ಬೈಯುತ್ತಾಳೆ. ನಾನು ಚೆನ್ನಾಗಿದ್ದೇನೆ. ನೀನು ಮುಲಾಮು ಹಚ್ಚಿ ಬಟ್ಟೆ ಸುತ್ತಿಕೊಂಡೇ ಕೆಲಸಕ್ಕೆ ಹೋಗು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಒಗೆದು ಇಸ್ತ್ರಿ ಮಾಡಿ ಕೊಡುವವಳಿಗೆ ಅದೇ ಆಸ್ಪತ್ರೆಯಲ್ಲಿ ಒಂದು ಪಟ್ಟಿ ಸಿಗುವುದಿಲ್ಲವೇ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡನೇ ಮಾತಿಗೇ ‘ಸರಿ ಸರಿ, ಇಡು, ಶಿಫ್ಟಿಗೆ ಹೊತ್ತಾಯ್ತು’ ಎನ್ನುತ್ತೀಯ. ಕಾಗದದ ಬಾಯಿ ಮುಚ್ಚಿಸಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಪತ್ರ ಹೋದ ಸೋಮವಾರ ಬಂತು. ಲಾಂಡ್ರಿಯವರು ಮೂರು ವರ್ಷದ ಕರಾರು ಕೊಟ್ಟಿದ್ದಾರೆ, ಸಹಿ ಹಾಕಿದರೆ ಮುಂಗಡ ಕೊಡುತ್ತಾರೆ, ಅದರಲ್ಲಿ ನನ್ನ ಎರಡನೇ ಕಂತಿನ ಫೀಸು ಕಟ್ಟಿಬಿಡಬಹುದು, ಮಧ್ಯದಲ್ಲಿ ಬಿಟ್ಟು ಬರುವ ಹಾಗಿಲ್ಲ, ಈ ತಿಂಗಳ ಮೂವತ್ತರೊಳಗೆ ಹೇಳಬೇಕು. ಬಾಚಣಿಗೆ ಕೊಳ್ಳುವ ಸುದ್ದಿಯಂತೆ ಬರೆದಿದ್ದೀಯ! ಮೂರು ಸಲ ಓದಿದೆ. ಈ ಪತ್ರವನ್ನು ಕೊನೆಯವರೆಗೂ ಓದುವ ತನಕ ಆ ಕರಾರಿಗೆ ಸಹಿ ಹಾಕಬೇಡ. ಮೇಲ್ವಿಚಾರಕ ಅವಸರ ಮಾಡಿದರೆ ಪೆನ್ನು ಕಳೆದುಹೋಗಿದೆ ಎನ್ನು.

ಕೋಪ ಬಂದರೆ ನಾನು ಏನು ಮಾಡುತ್ತೇನೆಂದು ನಿನಗೆ ಗೊತ್ತು. ಬರೆಯುತ್ತೇನೆ. ನನ್ನ ದಿಂಬಿನ ಕೆಳಗಿನ ಕಿರುಹೊತ್ತಿಗೆಗಳಿಗೆ ನೀನು ‘ಬೆಂಕಿಪೊಟ್ಟಣಗಳು’ ಎಂದು ಹೆಸರಿಟ್ಟಿದ್ದೆಯಲ್ಲ, ಅವುಗಳಲ್ಲಿ ಓದಿದ್ದೆಲ್ಲ ಅವತ್ತು ನೆತ್ತಿಗೇರಿತು. ‘ನೆರವು ಎಂಬ ನಾಟಕ’ ಎಂಬ ತಲೆಬರಹ ಕೊಟ್ಟು ಒಂದು ಕರಪತ್ರ ಬರೆದೆ. ಓದು ಹಕ್ಕು, ಹಕ್ಕಿಗೆ ಅರ್ಜಿ ಬರೆಸುವವರು ಅದನ್ನು ಭಿಕ್ಷೆ ಮಾಡುತ್ತಾರೆ, ಇಷ್ಟು ದೊಡ್ಡ ವಿಶ್ವವಿದ್ಯಾಲಯದಲ್ಲಿ ನಲವತ್ತು ಮಂದಿಗೆ ಚೂರು ಎಸೆದು ಉಳಿದವರ ಬಾಯಿ ಕಟ್ಟುತ್ತಾರೆ. ಹೀಗೆ ಒಂದು ಪುಟ. ಹನ್ನೆರಡು ಪ್ರತಿ ಕೈಯಲ್ಲೇ ಬರೆದು, ಮಂಗಳವಾರ ಬೆಳಿಗ್ಗೆ ಮೈದಾಹಿಟ್ಟಿನ ಅಂಟು ಕಲಸಿಕೊಂಡು ಹೋಗಿ, ಮೊದಲನೆಯದನ್ನು ವಿದ್ಯಾರ್ಥಿ ನೆರವಿನ ಕಚೇರಿಯ ಕಿಟಕಿಯ ಪಕ್ಕದಲ್ಲೇ ಹಚ್ಚಿದೆ. ಆ ಕಚೇರಿ ಹಳೆಯ ಕಟ್ಟಡದ ನೆಲಮಹಡಿಯಲ್ಲಿ, ನೀರಿನ ನಲ್ಲಿ ದಾಟಿ, ಕತ್ತಲೆ ಓಣಿಯ ತುದಿಯಲ್ಲಿದೆ. ಎರಡು ವರ್ಷ ಓದಿದ ನೀನೂ ಅಲ್ಲಿಗೆ ಹೋಗಿರಲಾರೆ.

ಒಳಗಿಂದ ಒಬ್ಬ ಹೆಂಗಸು ಎದ್ದು ಬಂದರು. ಐವತ್ತು ದಾಟಿದ ವಯಸ್ಸು, ದಾರ ಕಟ್ಟಿದ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲ್. ಹುಡುಗರೆಲ್ಲ ಅವರನ್ನು ‘ಪೆನ್ಸಿಲ್ ಮೇಡಂ’ ಎನ್ನುತ್ತಾರಂತೆ, ಆಮೇಲೆ ತಿಳಿಯಿತು. ಹರಿದು ಹಾಕುತ್ತಾರೆಂದು ಎದೆ ಸೆಟೆದು ನಿಂತಿದ್ದೆ. ಜಗಳಕ್ಕೆ ಮೊದಲ ವಾಕ್ಯವನ್ನೂ ಜೋಡಿಸಿಕೊಂಡಿದ್ದೆ. ಅವರು ಸಾಲಿನ ಮೇಲೆ ಬೆರಳಿಟ್ಟುಕೊಂಡು ಪೂರ್ತಿ ಓದಿದರು. ಕಿವಿಯಿಂದ ಪೆನ್ಸಿಲ್ ತೆಗೆದು ‘ನಲವತ್ತು’ ಎಂಬುದನ್ನು ಹೊಡೆದುಹಾಕಿದರು. ‘ಬರವಣಿಗೆ ಚೆನ್ನಾಗಿದೆ, ಲೆಕ್ಕ ತಪ್ಪು. ಹೋದ ವರ್ಷ ಇನ್ನೂರ ಹನ್ನೊಂದು ಜನಕ್ಕೆ ಕೊಟ್ಟಿದ್ದೀವಿ. ಇನ್ನೂ ತೊಂಬತ್ತು ಜನಕ್ಕೆ ಆಗೋವಷ್ಟು ಹಾಗೇ ವಾಪಸ್ ಹೋಯ್ತು. ಕೇಳೋರೇ ಬರ್ಲಿಲ್ಲ. ಆ ತೊಂಬತ್ತರ ಬಗ್ಗೆ ಬರಿ, ಅಂಟು ನಾನೇ ತರ್ತೀನಿ’ ಎಂದರು.

ಅಕ್ಕಾ, ನನ್ನ ಯಾವ ಬೆಂಕಿಪೊಟ್ಟಣದಲ್ಲೂ ಈ ತೊಂಬತ್ತು ಜನ ಇರಲಿಲ್ಲ. ಕೊಡದವರ ಬಗ್ಗೆ ನಾನು ಬೇಕಾದಷ್ಟು ಓದಿದ್ದೇನೆ. ಎತ್ತಿಟ್ಟದ್ದು ಕಾದು ಕಾದು, ಯಾರೂ ಬಾರದೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ ಎಂದು ಯಾರೂ ಬರೆದಿರಲಿಲ್ಲ. ಆದರೂ ಸೋಲಬಾರದಲ್ಲ, ‘ಹೀಗೆ ಬಂದು ಕೇಳೋದು ಅವಮಾನ ಅಲ್ವಾ ಮೇಡಂ?’ ಎಂದೆ. ‘ಬಾವಿಕಟ್ಟೆ ಮೇಲೆ ನಿಂತ್ಕೊಂಡು ಬಾಯಾರಿಕೆ ಬಗ್ಗೆ ಭಾಷಣ ಮಾಡೋದು ಸನ್ಮಾನನಾ?’ ಎಂದು ಕೇಳಿ, ನಾನು ಬಾಯಿ ಬಿಡುವಷ್ಟರಲ್ಲಿ, ‘ಯಾವ ವರ್ಷ ನಿಂದು? ಎರಡನೇ ಕಂತು ಕಟ್ಟಿದ್ದೀಯಾ?’ ಎಂದರು. ಕಟ್ಟಿಲ್ಲ ಎಂದೆ.

ಅವರು ನನ್ನ ಪ್ರವೇಶದ ಅರ್ಜಿ ತೆಗೆಸಿದರು. ಅದರ ಎರಡನೇ ಪುಟದಲ್ಲಿ ಒಂದು ಪ್ರಶ್ನೆ ಇದೆ: ಆರ್ಥಿಕ ನೆರವು ಬೇಕೇ? ಎದುರಿಗೆ ಎರಡು ಚೌಕ. ನಾನು ‘ಬೇಡ’ ಎಂಬುದಕ್ಕೆ ಗುರುತು ಹಾಕಿದ್ದೆ. ಸಾಲದ್ದಕ್ಕೆ ಅಂಚಿನಲ್ಲಿ ‘ಬೇಕಿರುವುದು ಹಕ್ಕು, ನೆರವಲ್ಲ’ ಎಂದು ಬೇರೆ ಗೀಚಿದ್ದೆ. ಅವರು ಓದಿ ನಕ್ಕರು. ಕೆಟ್ಟ ನಗು ಅಲ್ಲ. ‘ಬೇಡ ಅಂದೋರಿಗೆ ನಾವು ಕಾಗದ ಕಳಿಸೋ ಹಾಗಿಲ್ಲ ಮರಿ, ನಿಯಮ. ಚೌಕಕ್ಕೆ ಕಾರಣ ಗೊತ್ತಾಗಲ್ಲ’ ಎಂದರು. ಪ್ರವೇಶದ ದಿನ ಬಸ್ಸಿನಲ್ಲಿ ಅಮ್ಮ ನನಗೆ ಹೇಳಿಕೊಟ್ಟದ್ದು ನೆನಪಾಯಿತು, ನಿನಗೂ ಅದನ್ನೇ ಹೇಳಿಕೊಟ್ಟಿದ್ದಳಂತೆ: ‘ಮನೆ ಹೊಗೆ ಮನೆಯೊಳಗೇ ಇರ್ಲಿ. ಕೈ ಚಾಚೋ ಪಟ್ಟಿಯಲ್ಲಿ ನಮ್ಮ ಹೆಸರು ಇರ್ಬಾರ್ದು.’ ಅಮ್ಮನ ಮರ್ಯಾದೆಗೂ ನನ್ನ ಸಿದ್ಧಾಂತಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ ಎಂದುಕೊಂಡಿದ್ದೆ. ನೋಡಿದರೆ ಎರಡೂ ಹೋಗಿ ಒಂದೇ ಚೌಕದಲ್ಲಿ ಕೂತಿದ್ದವು!

ಪೆನ್ಸಿಲ್ ಮೇಡಂ ಕೆಲಸ ಮಾಡುವ ರೀತಿಯನ್ನು ನೀನು ನೋಡಬೇಕು. ಕಿಟಕಿಗೆ ಮೊದಲು ಗಾಜು ಇತ್ತಂತೆ, ಅವರು ಬಂದ ವರ್ಷವೇ ತೆಗೆಸಿದ್ದಾರೆ. ಗಾಜಿದ್ದರೆ ಜನ ಕೂಗಿ ಮಾತಾಡಬೇಕು, ಹಿಂದೆ ನಿಂತವರಿಗೆಲ್ಲ ಮನೆಯ ಸುದ್ದಿ ಕೇಳುತ್ತದೆ. ಹೆಸರು ಕೂಗುವುದಿಲ್ಲ, ಸಂಖ್ಯೆ ಬರೆದ ಚೀಟಿ ಕೊಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೇ ಬರಲಿ ಅರ್ಜಿಯನ್ನು ಮೊದಲು ಪೆನ್ಸಿಲಿನಲ್ಲಿ ತುಂಬಬೇಕು. ಓಣಿಯ ಬೆಂಚಿನ ಮೇಲೆ ಕೂತು ತುಂಬಿದ್ದನ್ನು ಅವರು ಮೆಲ್ಲಗೆ ಓದಿ ಹೇಳುತ್ತಾರೆ, ‘ಹೀಗೆ ಬರ್ದಿದ್ದೀಯ, ಹೀಗೇನಾ?’ ಎಂದು. ತಿದ್ದಿ, ಅಳಿಸಿ, ಇನ್ನು ಇದೇ ಸರಿ ಎಂದಾದ ಮೇಲೆ ಮಾತ್ರ ಪೆನ್ನು ಕೊಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಅವರ ಮೇಜಿನ ಖಾನೆಯಲ್ಲಿ ಬೆರಳುದ್ದದ ಪೆನ್ಸಿಲ್ ತುಂಡುಗಳು ಒಂದು ಡಬ್ಬಿ ತುಂಬ ಇವೆ. ಯಾವ ಕಿರುಹೊತ್ತಿಗೆಯೂ ಇಂಥವರ ಬಗ್ಗೆ ನನಗೆ ಹೇಳಿರಲಿಲ್ಲ. ಕಚೇರಿ ಎಂದರೆ ಗೋಡೆ ಎಂದಷ್ಟೇ ಓದಿದ್ದೆ.

ಈ ನೆರವು ಹೇಗೆ ಸಿಗುತ್ತದೆ ಎಂಬುದನ್ನು ನಿನಗೆ ಬಿಡಿಸಿ ಹೇಳುತ್ತೇನೆ. ಆಕಳಿಸಬೇಡ, ಓದು. ಇದಕ್ಕೆ ಅಂಕಪಟ್ಟಿ ಕೇಳುವುದೇ ಇಲ್ಲ. ಜಾಣರಿಗೆ ಬೇರೆ ಬಹುಮಾನಗಳಿವೆ, ಇದು ಕೊರತೆ ಇರುವವರಿಗೆ. ಮನೆಗೆ ಏನು ಬರುತ್ತದೆ, ಎಷ್ಟು ಜನ ಉಣ್ಣುತ್ತಾರೆ, ಬಾಡಿಗೆ ಎಷ್ಟು, ಔಷಧಿಗೆ ಎಷ್ಟು ಎಂದು ನೋಡುತ್ತಾರೆ; ಓದಿಗೆ ಬೇಕಾದ್ದರಲ್ಲಿ ಎಷ್ಟು ಸಾಲುವುದಿಲ್ಲವೋ ಅದೇ ಕೊರತೆ. ಅದನ್ನು ನೋಡಿ ಫೀಸು ಪೂರ್ತಿಯೋ ಅರ್ಧವೋ ಬಿಡುತ್ತಾರೆ. ತಿಂಗಳಿಗಿಷ್ಟು ಕೈಗೆ ಕೊಡುವುದೂ ಇದೆ. ವರ್ಷಪೂರ್ತಿ ಇಟ್ಟುಕೊಳ್ಳಲು ಪಠ್ಯಪುಸ್ತಕ ಕೊಡುತ್ತಾರೆ. ಬೇಕೆಂದರೆ ಗ್ರಂಥಾಲಯದಲ್ಲಿ ವಾರಕ್ಕೆ ಹತ್ತು ಗಂಟೆಯ ಕೆಲಸ, ಅದಕ್ಕೆ ಸಂಬಳ. ಮಧ್ಯೆ ಮನೆಯಲ್ಲಿ ಯಾರಿಗಾದರೂ ಕೆಲಸ ಹೋದರೆ, ಕಾಯಿಲೆ ಬಿದ್ದರೆ, ವರ್ಷ ಮುಗಿಯುವ ತನಕ ಕಾಯಬೇಕಿಲ್ಲ, ಮತ್ತೊಮ್ಮೆ ನೋಡಿ ಎಂದು ಕೇಳಬಹುದು. ಪ್ರವೇಶದ ದಿನ ‘ಬೇಡ’ ಎಂದವರೂ ಮನಸ್ಸು ಬದಲಿಸಬಹುದು. ಇಷ್ಟೂ ಸೂಚನಾಫಲಕದಲ್ಲಿದೆ, ಆದರೆ ಬರೆದವನಿಗೇ ಅರ್ಥವಾಗದ ಭಾಷೆಯಲ್ಲಿದೆ.

ಅರ್ಜಿಯ ಜೊತೆಗೆ ‘ನನಗೆ ಏಕೆ ನೆರವು ಬೇಕು’ ಎಂದು ಒಂದು ಪುಟ ಬರೆಯಬೇಕು. ಬರೆಯುವುದು ಎಂದರೆ ನನಗೆ ಕೇಳಬೇಕೆ? ನಾಲ್ಕು ಪುಟ ಬರೆದೆ. ದುಡಿಮೆ, ಬಂಡವಾಳ, ಶಿಕ್ಷಣದ ಮಾರಾಟ, ಏನು ಬಿಟ್ಟೆ ಹೇಳು! ಗುರುವಾರ ಮೇಡಂ ಅದನ್ನೂ ಪೂರ್ತಿ ಓದಿ, ‘ಇದ್ರಲ್ಲಿ ಇಡೀ ಪ್ರಪಂಚ ಇದೆ. ನೀನೆಲ್ಲಿದ್ದೀಯ?’ ಎಂದರು. ಹುಡುಕಿದೆ. ನಾನು ಎಲ್ಲೂ ಇರಲಿಲ್ಲ. ‘ಬೆಳಿಗ್ಗೆ ಎದ್ದ ಮೇಲೆ ಏನೇನ್ ಮಾಡ್ತೀಯ, ಅಷ್ಟೇ ಬರಿ’ ಎಂದು ಹೊಸ ಹಾಳೆ ಕೊಟ್ಟರು. ಬೆಂಚಿನ ಮೇಲೆ ಕೂತು ಬರೆದೆ: ಐದಕ್ಕೆ ಅಮ್ಮನ ಯಂತ್ರ ಶುರುವಾಗುತ್ತದೆ, ಅದೇ ನನ್ನ ಅಲಾರಂ. ಮೂರು ನಿಲ್ದಾಣ ಮೊದಲೇ ಇಳಿದು ನಡೆಯುತ್ತೇನೆ, ಅಲ್ಲಿಯವರೆಗಿನ ಟಿಕೆಟ್ ಕಡಿಮೆ. ಪಠ್ಯವನ್ನು ಗ್ರಂಥಾಲಯದಲ್ಲಿ ಕೂತು ಕೈಯಲ್ಲಿ ನಕಲು ಮಾಡುತ್ತೇನೆ, ಎರಡು ಅಧ್ಯಾಯ ಹಿಂದಿದ್ದೇನೆ. ಆಮೇಲೆ ಬರೆದೆ: ನನ್ನ ಅಕ್ಕ ಇಲ್ಲೇ ಗಣಿತ ಓದುತ್ತಿದ್ದಳು, ಒಂದು ವರ್ಷ ಬಾಕಿ ಇರುವಾಗ ಬಿಟ್ಟಳು, ಈಗ ಅವಳು ಲಾಂಡ್ರಿಯಲ್ಲಿ ದುಡಿದು ನನ್ನನ್ನು ಓದಿಸುತ್ತಿದ್ದಾಳೆ. ಅಲ್ಲಿ ಪೆನ್ಸಿಲಿನ ಮೊನೆ ಮುರಿಯಿತು. ಮೇಡಂ ಇನ್ನೊಂದು ಪೆನ್ಸಿಲ್ ಮುಂದಿಟ್ಟರು. ಮುಗಿಸಿ ಕೊಟ್ಟಾಗ ಆ ಸಾಲಿನ ಕೆಳಗೆ ಒಂದು ಗೆರೆ ಎಳೆದುಕೊಂಡರು.

ಉಳಿದದ್ದು ಮನೆಯ ಆದಾಯಕ್ಕೆ ಪುರಾವೆ. ಅಮ್ಮನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕಾಲರ್ ತಿರುಗಿಸಿದ್ದಕ್ಕೆ, ಜಿಪ್ ಹಾಕಿದ್ದಕ್ಕೆ ಅಂಗಡಿಯವರು ಕೈಗೆ ಕೊಟ್ಟದ್ದೇ ಲೆಕ್ಕ. ಅದಕ್ಕೂ ದಾರಿ ಇದೆ: ಕೆಲಸ ಕೊಡುವ ಅಂಗಡಿಯವರ ಒಂದು ಪತ್ರ, ಅಮ್ಮನ ಸ್ವಂತ ಹೇಳಿಕೆ, ಸಹಿ. ಅಮ್ಮ ಕೇಳಿದವಳೇ ಕೆಂಡವಾದಳು. ‘ನಿಮ್ಮಪ್ಪ ಹೋದ ಮೇಲೂ ಒಬ್ಬರ ಬಾಗಿಲಿಗೆ ಹೋದವಳಲ್ಲ ನಾನು. ಈಗ ನಾನು ಬಡವಿ ಅಂತ ಸಹಿ ಹಾಕಿ ಕೊಡ್ಬೇಕಾ?’ ಎಂದಳು. ನಾನು ಹಕ್ಕಿನ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ‘ನಿನ್ನ ಬಾಯಿಗೆ ಒಂದು ಗುಂಡಿ ಹೊಲೀಬೇಕು’ ಎಂದು ಪೆಡಲ್ ತುಳಿಯುತ್ತಲೇ ಇದ್ದಳು. ಕೊನೆಗೆ ವಾದ ಬಿಟ್ಟು ನಿನ್ನ ಪತ್ರ ತೆಗೆದು ಓದಿದೆ. ಮೂರು ವರ್ಷ, ಮಧ್ಯದಲ್ಲಿ ಬಿಡುವ ಹಾಗಿಲ್ಲ ಎಂಬಲ್ಲಿಗೆ ಬಂದಾಗ ಯಂತ್ರ ನಿಂತಿತು. ‘ಇನ್ನೊಂದ್ಸಲ ಓದು’ ಎಂದಳು. ಓದಿದೆ.

ಶುಕ್ರವಾರ ಅಮ್ಮ ಒಳ್ಳೆಯ ಬಟ್ಟೆ ಹಾಕಿಕೊಂಡು, ತನ್ನ ಕೈಚೀಲ ಹಿಡಿದು, ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಅವಳನ್ನು ನೋಡಿದ ಮೇಡಂ ಕಿಟಕಿ ಬಿಟ್ಟು ಹೊರಗೆ ಬಂದು ಬೆಂಚಿನ ಮೇಲೆ ಪಕ್ಕದಲ್ಲೇ ಕೂತರು. ಅರ್ಜಿ ಮಡಿಲಲ್ಲಿ, ಪೆನ್ಸಿಲ್ ಕೈಯಲ್ಲಿ. ಅಮ್ಮ ಅರ್ಜಿ ನೋಡಲಿಲ್ಲ, ಮೇಡಂ ಮುಖವನ್ನೂ ನೋಡಲಿಲ್ಲ, ಅವರ ತೋಳನ್ನೇ ನೋಡುತ್ತ ಕೂತಳು. ನನಗೋ ಮುಳ್ಳಿನ ಮೇಲೆ ಕೂತ ಹಾಗೆ. ಆಮೇಲೆ, ‘ಸ್ವೆಟರ್ ತೋಳಿನ ಅಂಚು ಬಿಟ್ಟಿದೆಯಲ್ಲ ಮೇಡಂ. ಕೊಡಿ ಇಲ್ಲಿ’ ಎಂದು ಚೀಲದಿಂದ ಸೂಜಿ ತೆಗೆದಳು! ಮೇಡಂ ಕೈ ಚಾಚಿದರು. ಸರದಿಯಲ್ಲಿ ಹನ್ನೊಂದು ಜನ ಚೀಟಿ ಹಿಡಿದು ನಿಂತಿದ್ದಾರೆ, ನಮ್ಮಮ್ಮ ಆಫೀಸರ ತೋಳು ಹೊಲಿಯುತ್ತಿದ್ದಾಳೆ. ‘ಆಂಟಿ, ನನ್ನ ಬ್ಯಾಗಿಗೂ ಒಂದು ಹೊಲಿಗೆ ಹಾಕಿ’ ಎಂದು ಹಿಂದಿನಿಂದ ಯಾವನೋ ಕೂಗಿದ. ‘ಮೊದ್ಲು ಬಾಯಿಗೆ ಹಾಕ್ತೀನಿ ಬಾ’ ಎಂದಳು ತಲೆ ಎತ್ತದೆ. ಹಲ್ಲಿನಿಂದ ದಾರ ಕಡಿದು, ತೋಳನ್ನು ಎರಡು ಸಲ ಎಳೆದು ನೋಡಿ, ‘ಈಗ ಹೇಳಿ, ಎಲ್ಲಿ ಬರೀಬೇಕು?’ ಎಂದಳು. ಕೊಟ್ಟ ಮೇಲೆಯೇ ತಗೊಳ್ಳುವುದು ಅಮ್ಮನ ಲೆಕ್ಕ. ಮೇಡಂಗೆ ಅದು ಹೇಳದೆಯೇ ತಿಳಿಯಿತು. ಅದಕ್ಕೇ ಅವರ ಬಗ್ಗೆ ನನಗೆ ಇಷ್ಟೊಂದು ಗೌರವ.

ಅಮ್ಮ ಆದಾಯದ ಜಾಗದಲ್ಲಿ ಬರೆದದ್ದನ್ನು ಮೇಡಂ ನೋಡಿದರು. ಮೆಲ್ಲಗೆ, ‘ಇಷ್ಟು ಬರುತ್ತಾ ಅಮ್ಮಾ, ಇಲ್ಲ, ಸ್ವಲ್ಪ ಜಾಸ್ತಿ ಬರ್ದಿದ್ದೀರಾ?’ ಎಂದರು. ‘ಇಲ್ಲಿ ಕಡಿಮೆ ಬರೆದು ಮೋಸ ಮಾಡೋರು ಒಬ್ಬಿಬ್ಬರು. ಜಾಸ್ತಿ ಬರೆದು ತಾವೇ ಮೋಸ ಹೋಗೋರು ನೂರು ಜನ. ಬೇರೆಯೋರ ಮುಂದೆ ಹೇಳೋ ಅಂಕಿ ಬೇಡ, ಮನೇಲಿ ಎಣಿಸೋ ಅಂಕಿ ಬರೀರಿ. ನಾನು ಮತ್ತೆ ಇನ್ನಿಬ್ಬರು ಓದ್ತೀವಿ, ಆಮೇಲೆ ಬೀರುವಿಗೆ ಬೀಗ’ ಎಂದರು. ಅಮ್ಮ ರಬ್ಬರ್ ಕೇಳಿ ತಗೊಂಡಳು. ಅಳಿಸಿದಳು. ನಿಜವನ್ನು ಬರೆದಳು. ಎಲ್ಲರಿಗೂ ಮೊದಲು ಪೆನ್ಸಿಲ್ ಏಕೆ ಕೊಡುತ್ತಾರೆಂದು ನನಗೆ ಆಗ ಅರ್ಥವಾಯಿತು. ನಮ್ಮ ಮನೆಗೆ ಎಷ್ಟು ಬರುತ್ತದೆಂದು ನನಗೂ ಅವತ್ತೇ ಮೊದಲು ತಿಳಿದದ್ದು, ಅಕ್ಕಾ. ನಿನಗೆ ಯಾವತ್ತೋ ಗೊತ್ತಿತ್ತು, ಅಲ್ಲವಾ?

ನಿನ್ನೆ ಸಮಿತಿ ಕೂತಿತ್ತು. ನನ್ನ ಎರಡನೇ ಕಂತು ಪೂರ್ತಿ ಬಿಟ್ಟಿದ್ದಾರೆ. ತಿಂಗಳಿಗೆ ಕೈಗೆ ಸ್ವಲ್ಪ ಬರುತ್ತದೆ, ಪುಸ್ತಕಗಳು ಬರುತ್ತವೆ, ಮುಂದಿನ ವಾರದಿಂದ ಗ್ರಂಥಾಲಯದಲ್ಲಿ ಕೆಲಸ. ನಿನ್ನ ಮುಂಗಡ ನನಗೆ ಬೇಕಿಲ್ಲ. ನಾನು ಬದಲಾಗಿಬಿಟ್ಟೆ ಎಂದು ನಗಬೇಡ. ಯಾರೂ ತನ್ನ ಮನೆಯ ಕೊರತೆಯನ್ನು ಕಾಗದದಲ್ಲಿ ಬಿಡಿಸಿ ತೋರಿಸದೆ ಓದುವಂತಾಗಬೇಕು. ಇದನ್ನು ಮೇಡಂ ಮುಖಕ್ಕೇ ಹೇಳಿದೆ. ‘ಆಗ್ಲಿ, ಆ ದಿನ ಬಂದ್ರೆ ನಾನು ಮನೇಲಿ ಹೊದ್ಕೊಂಡು ಮಲಗ್ತೀನಿ. ಅಲ್ಲೀತನಕ ಈ ಅರ್ಜಿಗಳನ್ನ ಹಂಚು’ ಎಂದು ಒಂದು ಕಟ್ಟು ಕೈಗೆ ಹಾಕಿದರು. ತೊಂಬತ್ತು ಜನರ ಬಗ್ಗೆ ಹೊಸ ಕರಪತ್ರ ಬರೆದಿದ್ದೇನೆ. ಬೈಗುಳ ಕಡಿಮೆ, ವಿಳಾಸ ಹೆಚ್ಚು: ಯಾವ ಓಣಿ, ಯಾವ ಕಿಟಕಿ, ಏನೇನು ತರಬೇಕು. ಮೇಡಂ ಮಾತಿಗೆ ತಪ್ಪದೆ ಅಂಟು ತಂದರು. ಇವತ್ತು ಬೆಳಿಗ್ಗೆಯೇ ಆರು ಜನ ಬಂದರು. ಒಬ್ಬ ಮೂರು ಸಲ ನಲ್ಲಿಯ ಹತ್ತಿರ ನೀರು ಕುಡಿದು ಹಿಂದಕ್ಕೆ ಹೋಗುತ್ತಿದ್ದ. ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ. ಹೋರಾಟ ಎಂದರೆ ಹೀಗೂ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸಾಕು, ಕೈ ನೋಯುತ್ತಿದೆ, ನಿನ್ನಷ್ಟಲ್ಲ. ಹೊಟ್ಟೆ ತುಂಬ ಊಟ ಮಾಡು, ಕೋಣೆಯವರಿಗೆಲ್ಲ ನನ್ನ ನಮಸ್ಕಾರ ಹೇಳು, ಗೊರಕೆ ಹೊಡೆಯುವವರಿಗೆ ಎರಡು ಸಲ ಹೇಳು. ನಿನ್ನ ತಲೆ ಮುಟ್ಟಿ ಹರಸಿದ್ದೇನೆ ಎಂದು ಬರೆಯಲು ಅಮ್ಮ ಹೇಳಿದಳು. ಹರಸಲು ನನಗೆ ವಯಸ್ಸಾಗಿಲ್ಲ, ನಾನು ಸುಮ್ಮನೆ ನಿನ್ನನ್ನು ಗಟ್ಟಿಯಾಗಿ ತಬ್ಬಿಕೊಳ್ಳುತ್ತೇನೆ.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ.: ಐದಕ್ಕೆ ಅಂಚೆಡಬ್ಬಿ ತೆಗೆಯುತ್ತಾರೆ, ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ನನ್ನ ಕಥೆ. ಇದು ನಿನ್ನದು. ಇವತ್ತು ಮೇಡಂ ನನ್ನನ್ನು ಒಳಗೆ ಕರೆದು ಒಂದು ಹಳೆಯ ಕಡತ ಬಿಚ್ಚಿದರು. ನಿನ್ನ ಕಡತ. ಮಧ್ಯದಲ್ಲಿ ಬಿಟ್ಟವರು ಮೂರು ವರ್ಷದೊಳಗೆ ಬಂದರೆ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು. ನನಗೆ ಸಿಕ್ಕ ನೆರವೆಲ್ಲ ಅವರಿಗೂ ಸಿಗುತ್ತದೆ. ನೀನು ಬಿಟ್ಟು ಎರಡು ವರ್ಷ ಎರಡು ತಿಂಗಳು. ಲಾಂಡ್ರಿಯವರ ಕರಾರು ಮೂರು ವರ್ಷದ್ದು. ಅದು ಮುಗಿಯುವಾಗ ಈ ಬಾಗಿಲು ಇರುವುದಿಲ್ಲ. ಈ ವರ್ಷಕ್ಕೆ ಅರ್ಜಿ ತಗೊಳ್ಳುವುದು ಮೂವತ್ತರ ತನಕ. ಒಂದನ್ನು ಇದರೊಳಗೆ ಇಟ್ಟಿದ್ದೇನೆ, ಪೆನ್ಸಿಲ್ ಕೂಡ. ಅಮ್ಮನಿಗೆ ಹೇಳಿದೆ. ‘ಅವತ್ತು ಬೇಡ ಅಂತ ಹಾಕ್ಸಿದ್ದು ನಾನೇ’ ಎಂದಳು. ಆಗಿನಿಂದ ನಿನ್ನ ಹಳೆಯ ಕಾಲೇಜು ಚೀಲಕ್ಕೆ ಹೊಸ ಜಿಪ್ ಹಾಕುತ್ತಿದ್ದಾಳೆ. ಇನ್ನೊಂದು ಮಾತು. ಕಡತದ ಕೊನೆಯ ಹಾಳೆಯಲ್ಲಿ ನಿಮ್ಮ ಗಣಿತದ ಮೇಷ್ಟ್ರು ಬರೆದಿದ್ದಾರೆ: ‘ಈ ಹುಡುಗಿ ಯಾಕೆ ಬರ್ತಿಲ್ಲ, ಯಾರಾದರೂ ಹೋಗಿ ಕೇಳಿ.’ ಅದರ ಕೆಳಗೆ ಏನೂ ಇಲ್ಲ. ಯಾರೂ ಕೇಳಲಿಲ್ಲ, ಅಕ್ಕಾ. ಒಂದೇ ಮನೆಯಲ್ಲಿದ್ದ ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ವಾಪಸ್ ಬರ್ತೀಯಾ?